ಗೋಡೆ ಸೇರಿದ ಕಂಬಳಿ

ಹಿರೇಗುಂಟನೂರಿನಲ್ಲಿ ಇನ್ನೂ ಮಬ್ಬುಗತ್ತಲು. ಮೂಗು ಬಾಯಿಗೆ ಸೆರಗು ಬಿಗಿದುಕೊಂಡು ಗಿರಿಯಮ್ಮ ಪಡಸಾಲೆಯಲ್ಲಿ ಕುರಿಯ ಉಣ್ಣೆ ಹಿಂಜುತ್ತಿದ್ದಾರೆ. ಹಿಂಜುವ ಬಿಲ್ಲಿನ ದಾರಕ್ಕೆ ತಾಗಿದ ಕರಿ ಉಣ್ಣೆ ಹೊಗೆಯಂತೆ ಎದ್ದು ಅವರ ತಲೆ, ಹುಬ್ಬು, ಮಡಿಲ ಮೇಲೆಲ್ಲ ಕೂರುತ್ತದೆ. ನಡುನಡುವೆ ಕೆಮ್ಮು. ಅದು ನಿಲ್ಲುವ ತನಕ ಬಿಲ್ಲು ಹಿಡಿದೇ ಕಾಯುತ್ತಾರೆ, ಆಮೇಲೆ ಮತ್ತೆ ಶುರು.

ಈ ಉಣ್ಣೆ ಯಾರ ಹೊದಿಕೆಗೂ ಅಲ್ಲ. ಮರದ ಚೌಕಟ್ಟಿನೊಳಗೆ ತುಂಬಿ, ಮೇಲೆ ಬಟ್ಟೆ ಬಿಗಿದರೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಉಳ್ಳವರ ಮನೆಗಳಲ್ಲಿ ಏಳುತ್ತಿರುವ ಹೋಮ್ ಥಿಯೇಟರಿನ ಗೋಡೆಗೆ ಹೋಗುತ್ತದೆ. ಕುರಿ ಕಾಯುವವರ ಹೆಗಲ ಮೇಲಿದ್ದದ್ದು ಈಗ ಸಾಹುಕಾರರ ಸಿನಿಮಾ ಕೋಣೆ ಏರಿದೆ ನೋಡಿ, ಕಾಲಕ್ಕೆ ತಕ್ಕ ಕೋಲ! ದಿನಕ್ಕೆ ಎರಡು ಚೌಕಟ್ಟು ತುಂಬಿದರೆ ಹೆಚ್ಚು. ಅಷ್ಟರಲ್ಲಿ ರಟ್ಟೆ ಬಿದ್ದುಹೋಗಿರುತ್ತದೆ.

ಗಂಡನ ಹೆಸರೇನೆಂದು ಕೇಳಿದರೆ ಗಿರಿಯಮ್ಮ ಹೇಳುವುದಿಲ್ಲ. ನಾಚಿ, ಪಕ್ಕದ ಮನೆಯ ಬೋರಕ್ಕನ ಕಡೆ ನೋಡುತ್ತಾರೆ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಬೆಳೆದ ತಲೆಮಾರು ಅದು. ಬೋರಕ್ಕನೇ ಹೇಳುತ್ತಾರೆ: ಕರಿಸಿದ್ದಪ್ಪ. ಈ ಮನೆಯಲ್ಲಿ ಹೆಂಡತಿ ನೂಲುವುದು, ಗಂಡ ನೇಯುವುದು ಎಂದು ಅಜ್ಜಿಯ ಕಾಲದಿಂದ ನಡೆದು ಬಂದದ್ದು. ಮೂರು ವರ್ಷದ ಹಿಂದೆ ಇದೇ ಉಣ್ಣೆಯ ಧೂಳು ಎದೆಗೆ ಕಟ್ಟಿ ಕರಿಸಿದ್ದಪ್ಪ ತೀರಿಕೊಂಡರು. ಮಗ್ಗದ ಕುಣಿಯಲ್ಲಿ ಈಗ ಕೋಳಿ ಕಾವಿಗೆ ಕೂರುತ್ತದೆ.

ಸುತ್ತಲ ಹಟ್ಟಿಗಳಲ್ಲಿ ಕರಿಸಿದ್ದಪ್ಪನವರ ಕಂಬಳಿಗೆ ಹೆಸರಿತ್ತು. ಹುಣಸೆ ಬೀಜ ಹುರಿದು, ಅರೆದು, ಕುದಿಸಿದ ಗಂಜಿಯನ್ನು ಅವರು ನೂಲಿಗೆ ಬಳಿಯುತ್ತಿದ್ದ ಹದವೇ ಹದ. ಅಂಥ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಿಂತರೂ ನೀರು ಒಳಗಿಳಿಯುತ್ತಿರಲಿಲ್ಲ.

ಚಿತ್ರದುರ್ಗದ ರಘುನಾಥ್ ಸಿನಿಮಾ ಕೋಣೆ ಕಟ್ಟಿಕೊಡುವವರು. ದೊಡ್ಡ ಪರದೆ, ದುಬಾರಿ ಸ್ಪೀಕರು ಇಟ್ಟ ಮಾತ್ರಕ್ಕೆ ಅವರ ಕೆಲಸ ಮುಗಿಯುವುದಿಲ್ಲ. ಪರದೆಯ ಕಪ್ಪು ಕಪ್ಪಾಗಿಯೇ ಕಾಣಬೇಕು, ಯಾವ ಕುರ್ಚಿಯಲ್ಲಿ ಕುಂತರೂ ಮಾತು ಒಂದೇ ಸಮ ಕೇಳಬೇಕು, ಗೋಡೆಗೆ ಬಡಿದ ಸದ್ದು ತಿರುಗಿ ಬರಬಾರದು. ಬೆಂಗಳೂರಿನಿಂದ ತಪಾಸಣೆಯವರು ಬಂದು, ಮೈಕು ಮೀಟರು ಇಟ್ಟು ಅಳೆದು, ಎಲ್ಲ ಸರಿಯಿದ್ದರೆ ಮಾತ್ರ ಸರ್ಟಿಫಿಕೇಟು, ಬಾಗಿಲಿಗೊಂದು ಫಲಕ. ಕಂಬಳಿ ಮೇಲೆ ಕುಂತು ಉಣ್ಣುತ್ತಾ ಕೂದಲು ಎಣಿಸುವ ಕೆಲಸ ಎಂದು ರಘುನಾಥ್ ನಗುತ್ತಾರೆ. ಹೊರಗಿನಿಂದ ತರಿಸುವ, ಸದ್ದು ಹೀರುವ ಹಲಗೆಯ ಬದಲು ನಮ್ಮ ಕಂಬಳಿಯನ್ನೇ ಗೋಡೆಗೆ ಹಾಕಿ ನೋಡೋಣವೆಂದು ಅವರು ಗಿರಿಯಮ್ಮನ ಮನೆಗೆ ಬಂದದ್ದು ಹೋದ ವರ್ಷ.

ಮೊದಲ ಕೋಣೆ ಹೊಳಲ್ಕೆರೆಯದು. ದೊಡ್ಡ ಮನೆಗೆ ಹೋಗುವ ವಸ್ತು, ಕಳಪೆ ಕೊಟ್ಟರೆ ಮರ್ಯಾದೆ ಏನಾದೀತು? ಗಿರಿಯಮ್ಮ ಅಟ್ಟದ ಮೇಲೆ ಜೋಪಾನ ಮಾಡಿದ್ದ ಗಂಡನ ಕೊನೆಯ ಕಂಬಳಿಗಳನ್ನೇ ಇಳಿಸಿದರು. ಅದರಲ್ಲೂ ಗಂಜಿ ಚೆನ್ನಾಗಿ ಕುಡಿದು ಗಡುಸಾಗಿದ್ದವನ್ನು ಆರಿಸಿ ಕೊಟ್ಟರು. ಅಲ್ಲೇ ಎಡವಟ್ಟಾಯಿತು.

ತಪಾಸಣೆಗೆ ಬಂದ ಅಂಜಲಿ ಎಂಬ ಹುಡುಗಿ ಅಳೆದು ನೋಡಿ, ಆಗಲ್ಲ ಎಂದಳು. ಮಳೆಯನ್ನು ಒಳಗೆ ಬಿಡದ ಗಂಜಿ ಸದ್ದನ್ನೂ ಒಳಗೆ ಬಿಡುತ್ತಿರಲಿಲ್ಲ. ರಘುನಾಥ್ ಬೈಯಲಿಲ್ಲ. ಕಂಬಳಿ ವಾಪಸ್ ಇಟ್ಟುಕೊಳ್ಳಮ್ಮ, ನಾನು ಹಲಗೆ ತರಿಸುತ್ತೇನೆ, ಇಲ್ಲ ಗಂಜಿ ಬಿಡಿಸಿ ಕೊಡುವುದಾದರೆ ಕೊಡು ಎಂದರು.

ಗಿರಿಯಮ್ಮನಿಗೆ ಅವತ್ತು ಅನ್ನ ಸೇರಲಿಲ್ಲ. ಗಂಜಿ ತೊಳೆದರೆ ಗಂಡನ ಕೈಗುಣವೇ ಹೋಗುತ್ತದೆ. ತೊಳೆಯದಿದ್ದರೆ ಊರೆಲ್ಲ ಆಡಿಕೊಳ್ಳುತ್ತದೆ. "ಅವರ ಕಂಬಳಿ ಫೇಲಾತು ಅಂತ ಯಾರ ಬಾಯಾಗೂ ಬರಬಾರದು ಅನ್ನಿಸ್ತು ನಂಗೆ. ಸತ್ತಾರ ಮ್ಯಾಲೆ ಅಂಥ ಮಾತು ಯಾಕೆ?" ಎನ್ನುತ್ತಾರೆ.

ಕಂಬಳಿಗೆ ಮೈಲಿಗೆ ಇಲ್ಲ, ತೊಳೆಯಬೇಕಿಲ್ಲ ಎನ್ನುವ ಮನೆತನ. ಬಿಸಿನೀರಲ್ಲಿ ಕಂಬಳಿ ನೆನೆಹಾಕಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಹಂಡೆಯಿಂದ ಹುರಿದ ಹುಣಸೆ ಬೀಜದ ವಾಸನೆ ಎದ್ದಿತು. ಅದು ಕರಿಸಿದ್ದಪ್ಪನ ಕೈಯ ವಾಸನೆ, ಅಂಗಿಯ ವಾಸನೆ. ಬೋರಕ್ಕ ಬಂದು ಜೊತೆಗೆ ನಿಂತು ಹಿಂಡಿಸಿದರು. ಆ ಕಂದು ನೀರನ್ನು ಚರಂಡಿಗೆ ಚೆಲ್ಲಲು ಮನಸ್ಸು ಬಾರದೆ ಗಿರಿಯಮ್ಮ ಕೊಡದಲ್ಲಿ ಹೊತ್ತು, ಹಿತ್ತಲ ಹುಣಸೆ ಮರದ ಬುಡಕ್ಕೆ ಹೊಯ್ದು ಬಂದರು. ಒಣಗಿದ ಕಂಬಳಿಗಳು ಜೋತುಬಿದ್ದ ಚಿಂದಿಯಂತಾಗಿದ್ದವು. ಅವನ್ನು ನೋಡಿ ಅತ್ತುಬಿಟ್ಟೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಎರಡನೇ ತಪಾಸಣೆಗೆ ರಘುನಾಥ್ ಗಿರಿಯಮ್ಮನನ್ನೂ ಕರೆದುಕೊಂಡು ಹೋದರು. ಈ ಸಲ ಕೋಣೆ ಪಾಸಾಯಿತು; ಮುಂದಿನ ಕೋಣೆಗಳಿಗೆ ಕಂಬಳಿ ಬದಲು ಹಿಂಜಿದ ಉಣ್ಣೆಯೇ ಸಾಕು ಎಂದಾಯಿತು. ಬಾಗಿಲ ಫಲಕದಲ್ಲಿ ಇರುವುದು ಕಟ್ಟಿದವರ ಹೆಸರು, ಅಳೆದವರ ಹೆಸರು. ನೇಯ್ದವರದು ಇಲ್ಲ, ತೊಳೆದವರದೂ ಇಲ್ಲ. ಎಲ್ಲರೂ ಹೊರಗೆ ಕಾಫಿಗೆ ಹೋದಾಗ, ಒಂದು ಗಳಿಗೆ ಕುಂತು ಬರ್ತೀನಿ ಎಂದು ಗಿರಿಯಮ್ಮ ಒಳಗೇ ಉಳಿದರು. ಗೋಡೆಗೆ ಬಿಗಿದ ಬಟ್ಟೆಯ ಹಿಂದೆ ಆ ಕಂಬಳಿಗಳಿದ್ದವು.

"ಬಾಗಿಲು ಹಾಕಿದ್ರೆ ಹೊರಗೆ ಒಂಚೂರೂ ಕೇಳಲ್ಲ ಅಂದಿದ್ರು. ಒಬ್ಬಾಕೇ ಇದ್ನಲ್ಲ, ಅವರ ಹೆಸರು ಹಿಡಿದು ಕರೆದೆ. ಬದುಕಿದ್ದಾಗ ಒಂದಿನಾನೂ ಕರೆದಾಕಿ ಅಲ್ಲ. ಗೋಡೆ ತಗಂತು, ವಾಪಸ್ ಕೊಡಲಿಲ್ಲ."

ಬೆಳಕು ಹರಿದಿದೆ. ಸೆರಗು ಬಿಚ್ಚಿ, ಹುಬ್ಬಿನ ಮೇಲಿನ ಉಣ್ಣೆ ಒರೆಸಿಕೊಳ್ಳುತ್ತಾರೆ. ಏನಾದರೂ ಆಸೆ ಉಂಟೇ ಎಂದು ಕೇಳಿದರೆ ಬಿಲ್ಲನ್ನು ಗೋಡೆಗೆ ಒರಗಿಸಿಡುತ್ತಾರೆ.

"ಆ ಮನೆಯಾರಿಗೆ ಒಂದು ಮಾತು ಹೇಳ್ರಿ. ವರ್ಷಕ್ಕೊಂದ್ಸಾರಿ, ನಮ್ಮ ಯಜಮಾನ್ರು ತೀರಿಕೊಂಡ ದಿನ, ಆ ಕ್ವಾಣ್ಯಾಗೆ ಒಂದು ಗಳಿಗೆ ಕುಂದ್ರಾಕೆ ಬಿಟ್ರೆ ಸಾಕು. ಸಿನಿಮಾ ಏನೂ ಹಾಕಾದು ಬ್ಯಾಡ."