ಕಿವಿಯಲ್ಲಿ ಸಂಖ್ಯೆಯಿದ್ದ ನಾಯಿ

ಹೈದರಾಬಾದಿನ ಹೊರಗೆ ಔಷಧಿ ಪರೀಕ್ಷೆ ಮಾಡುವ ಒಂದು ಕಂಪನಿಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಅದು ಔಷಧಿ ತಯಾರಿಸುವ ಕಂಪನಿಯಲ್ಲ. ಪರದೇಶದ ಕಂಪನಿಗಳು ತಮ್ಮ ಹೊಸ ಔಷಧಿಗಳನ್ನು ನಮ್ಮಲ್ಲಿಗೆ ಕಳಿಸುತ್ತಿದ್ದವು. ಮನುಷ್ಯರಿಗೆ ಕೊಡುವ ಮೊದಲು ಪ್ರಾಣಿಗಳಿಗೆ ಕೊಟ್ಟು, ಏನಾಗುತ್ತದೆಂದು ನೋಡಿ ವರದಿ ಬರೆದುಕೊಡುವುದು ನಮ್ಮ ಗುತ್ತಿಗೆ. ಯಾವ ರೋಗದ ಔಷಧಿ ಎಂಬುದು ನನ್ನಂಥವರಿಗೆ ಗೊತ್ತಾಗುತ್ತಿರಲಿಲ್ಲ. ಡಬ್ಬಿಯ ಮೇಲೆ ಒಂದು ಸಂಕೇತ ಇರುತ್ತಿತ್ತು, ಅಷ್ಟೆ. ಸುರಪುರದಲ್ಲಿ ಬಿ.ಎಸ್ಸಿ. ಮುಗಿಸಿ ಹೋದ ನನಗೆ ನಾಯಿಗಳ ವಿಭಾಗ ಕೊಟ್ಟರು. ದೇವಾಪುರದ ನಮ್ಮ ಮನೆಯಲ್ಲಿ ಮಾತ್ರ ನಾನು ಗುಳಿಗಿ ಕಂಪನಿಯಲ್ಲಿದ್ದೇನೆ ಎಂದಷ್ಟೇ ತಿಳಿದಿತ್ತು.

ಜೋಲುಕಿವಿಯ, ಕಂದು ಬಿಳುಪು ಬಣ್ಣದ ಬೀಗಲ್ ನಾಯಿಗಳು ಅವು. ಹುಟ್ಟಿದ್ದು, ಬೆಳೆದದ್ದು ಎಲ್ಲಾ ಒಳಗೇ. ಬಿಸಿಲು ಕಂಡವಲ್ಲ, ಮಣ್ಣು ತುಳಿದವಲ್ಲ. ಹೆಸರಿರಲಿಲ್ಲ, ಕಿವಿಯ ಒಳಮೈಯಲ್ಲಿ ಹಚ್ಚೆ ಹಾಕಿದ ಸಂಖ್ಯೆ ಇತ್ತು. ನಾವು ಸ್ನಾನ ಮಾಡಿ, ಟೋಪಿ, ಮಾಸ್ಕು, ಗೌನು ಹಾಕಿಕೊಂಡೇ ಒಳಗೆ ಹೋಗಬೇಕು. ಗುಳಿಗೆ ನುಂಗಿಸುವುದು, ಹೇಳಿದ ಹೊತ್ತಿಗೆ ಮುಂಗಾಲಿನ ನರದಿಂದ ರಕ್ತ ತೆಗೆಯುವುದು ನನ್ನ ಕೆಲಸ. ಅವು ಕಚ್ಚುತ್ತಿರಲಿಲ್ಲ. ಸಾಧು ಪ್ರಾಣಿ ಎಂದೇ ಆ ಕೆಲಸಕ್ಕೆ ಅವನ್ನು ಆರಿಸಿಕೊಳ್ಳುತ್ತಾರೆ.

ಒಂದು ವರ್ಷ ಕೆಲಸ ಬರುವುದು ಕಡಿಮೆಯಾಯಿತು. ಖಾಲಿ ಗೂಡುಗಳನ್ನು ತೊಳೆದು ಒಣಗಿಸುವುದೇ ನಮ್ಮ ದಿನಗೆಲಸವಾಯಿತು. ಕಡೆಗೊಂದು ದಿನ ವಿಭಾಗದ ಪಶುವೈದ್ಯರು ನಮ್ಮನ್ನೆಲ್ಲ ಕೂಡಿಸಿ ಹೇಳಿದರು: ದೊಡ್ಡ ಗಿರಾಕಿ ಕಂಪನಿ ಗುತ್ತಿಗೆ ಬಿಟ್ಟಿದೆ, ಅರ್ಧ ಕೆಲಸ ಬೇರೆ ದೇಶಕ್ಕೆ ಹೋಯಿತು, ಇನ್ನರ್ಧವನ್ನು ಈಗ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ, ಕಂಪ್ಯೂಟರಿನಲ್ಲಿ ಮಾಡುತ್ತಾರಂತೆ, ನಮ್ಮ ವಿಭಾಗ ಮುಚ್ಚುತ್ತದೆ. ನಾಯಿಗಳ ಮಟ್ಟಿಗೆ ಇದು ಒಳ್ಳೆಯದೇ ಅಲ್ಲವೇ ಎಂದರು. ಹೌದು ಎಂದು ನನಗೂ ಅನ್ನಿಸಿತು. ಆದರೆ ಅಲ್ಲಿದ್ದವರೆಲ್ಲರ ಅನ್ನ ಅದೇ ಆಗಿತ್ತು.

ಉಳಿದ ನಾಯಿಗಳನ್ನು ನಿಯಮದ ಪ್ರಕಾರ ಸಾಕುವವರಿಗೆ ಕೊಟ್ಟರು. ಪಟ್ಟಣದ ಮಂದಿ ಬಂದು ಎಳೆಯವನ್ನು ಒಯ್ದರು. ವಯಸ್ಸಾದದ್ದೊಂದು ಉಳಿಯಿತು. ನೀನು ಒಯ್ಯುತ್ತೀಯಾ ಎಂದು ವೈದ್ಯರು ಕೇಳಿದಾಗ ನಾನು ಯೋಚನೆ ಮಾಡದೆ ಹೂಂ ಎಂದೆ. ಹೊರಡುವ ದಿನ ಮಾಸ್ಕಿಲ್ಲದೆ ಅದರ ಮುಂದೆ ಹೋಗಿ ನಿಂತೆ. ಅಷ್ಟು ವರ್ಷ ದಿನವೂ ಮುಟ್ಟಿದ ನಾಯಿ ನನ್ನ ಗುರುತು ಹಿಡಿಯದೆ ಹಿಂದೆ ಸರಿಯಿತು. ಮಾತಾಡಿಸಿದ ಮೇಲೆಯೇ ಬಾಲ ಅಲ್ಲಾಡಿಸಿದ್ದು.

ಗುರುಮಠಕಲ್ ಮಾರ್ಗವಾಗಿ ಯಾದಗಿರಿಗೆ, ಅಲ್ಲಿಂದ ಮುಂದಕ್ಕೆ ಬಾಡಿಗೆ ಗಾಡಿಯಲ್ಲಿ ಬಂದೆವು. ಶಹಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹತ್ತಿ ಹೇರಿದ ಲಾರಿಗಳ ಸದ್ದಿಗೆ ಅದು ಸೀಟಿನ ಕೆಳಗೆ ನುಸುಳಿತು. ದೇವಾಪುರ ಮುಟ್ಟುವವರೆಗೂ ಹೊರಗೆ ಬರಲಿಲ್ಲ.

ಮನೆಯ ಮುಂದೆ ಇಳಿಸಿದರೆ ಕಟ್ಟೆಯ ಕಲ್ಲಿನ ಮೇಲೇ ನಿಂತಿತು. ಒಂದು ಕಾಲು ಅಂಗಳದ ಮಣ್ಣಿಗೆ ಇಳಿಸುವುದು, ಬಿಸಿ ತಾಕಿದಂತೆ ಎಳೆದುಕೊಳ್ಳುವುದು. ನಾಯಿ ಹೊಸ್ತಿಲು ದಾಟಬಾರದೆಂದು ಅವ್ವ ಮೊದಲೇ ತಾಕೀತು ಮಾಡಿದ್ದಳು. ಆದರೂ ಅದರ ಅವಸ್ಥೆ ನೋಡಲಾರದೆ ತಾನೇ ನೀರು ತಂದಳು. ಅವಳು ಬಗ್ಗಿದ ಕೂಡಲೇ ಅದು ಕೂತು, ಮುಂಗಾಲು ಚಾಚಿ, ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡಿತು.

ಅವ್ವ ನಕ್ಕಳು. "ನಮಸ್ಕಾರ ಮಾಡಾಕತ್ತೈತಿ ನೋಡು. ಯಾರ ಕಲಿಸ್ಯಾರ ಇದಕ್ಕ?"

"ನಮಸ್ಕಾರ ಅಲ್ಲವ್ವ, ರಕ್ತ ಕೊಡಾಕತ್ತೈತಿ," ಎಂದೆ.

ಅವಳಿಗೆ ತಿಳಿಯಲಿಲ್ಲ. ಅಲ್ಲಿ ಏನು ಮಾಡುತ್ತಿದ್ದೆವೆಂದು ಕೂತು ಹೇಳಿದೆ. ಅವ್ವನ ನಗು ಹೋಯಿತು. ಆ ಕಾಲನ್ನು ಮೆಲ್ಲಗೆ ಹಿಡಿದು ಕೆಳಗಿಟ್ಟು, "ಇಲ್ಲಿ ಯಾರೂ ಕೇಳಂಗಿಲ್ಲಪ್ಪ, ನೀರ್ ಕುಡಿ," ಎಂದಳು. ಅಂದಿನಿಂದ ಅದನ್ನು ಅವಳು ಅಪ್ಪ ಎಂದೇ ಕರೆದಳು. ಬೇರೆ ಹೆಸರು ಯಾರೂ ಇಡಲಿಲ್ಲ.

ನನ್ನ ಅಪ್ಪ ಕಾಲುವೆಯ ಗೇಟು ನೋಡುವ ನೌಕರ. ನಾನು ಹೇಳಿದ್ದನ್ನೆಲ್ಲ ಅವನೂ ಕೇಳಿಸಿಕೊಂಡಿದ್ದ. ರಾತ್ರಿ ಊಟದ ಮೇಲೆ ಬಿ.ಪಿ. ಗುಳಿಗೆ ಅಂಗೈಯಲ್ಲಿಟ್ಟುಕೊಂಡು ಕೇಳಿದ: "ಇದನ್ನೂ ಇಂಥವಕ್ಕ ತಿನಿಸಿ ನೋಡ್ಯಾರೇನು?"

"ಯಾವಾಗರ, ಎಲ್ಯರ ನೋಡಿರ್ತಾರಪ್ಪ," ಎಂದೆ.

ಗುಳಿಗೆಯನ್ನು ನೋಡುತ್ತ ಕೂತ. ನುಂಗದೆ ಬಿಡುತ್ತಾನೇನೋ ಎಂದು ನನಗೆ ಭಯವಾಯಿತು. ನುಂಗಿದ. ಎದ್ದು ಹೊರಗೆ ಹೋಗಿ, ಕಟ್ಟೆಯ ಮೇಲೆ ನಾಯಿಯ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದ. ಬೆಳಿಗ್ಗೆ ಅದನ್ನು ಎತ್ತಿಕೊಂಡು ಕಾಲುವೆಯ ಕಡೆ ಹೊರಟ. ದಂಡೆಯ ಹುಲ್ಲಿನ ಮೇಲೆ ಬಿಡುತ್ತೇನೆ, ಮಣ್ಣಿಗಿಂತ ಅದು ಮೆತ್ತಗಿರುತ್ತದೆ ಎಂದ. ದಿನವೂ ಹಾಗೇ ಮಾಡಿದ. ಬೇಸಿಗೆಯ ಹೊತ್ತಿಗೆ ಅದು ತಾನೇ ಅಂಗಳಕ್ಕೆ ಇಳಿದು, ಓಣಿಯುದ್ದಕ್ಕೂ ಅವನ ಹಿಂದೆ ನಡೆಯತೊಡಗಿತು. ಮುಂಗಾಲು ಚಾಚುವುದನ್ನು ಯಾವಾಗ ಬಿಟ್ಟಿತೋ ನಾವು ಗಮನಿಸಲಿಲ್ಲ.

ನಾನು ಸುರಪುರದ ಒಂದು ಲ್ಯಾಬಿನಲ್ಲಿ ಸೇರಿಕೊಂಡು ಮನುಷ್ಯರ ರಕ್ತ ತೆಗೆಯುತ್ತಿದ್ದೆ. ಮರುವರ್ಷ ಅದೇ ಪಶುವೈದ್ಯರು ಫೋನು ಮಾಡಿದರು. ಅವರು ಈಗಿರುವ ಕಂಪನಿಯಲ್ಲಿ ಪ್ರಾಣಿಗಳಿಲ್ಲ, ಜೀವಕೋಶಗಳ ಕೆಲಸ ಮಾತ್ರ, ಬರುತ್ತೀಯಾ ಎಂದು ಕೇಳಿದರು. ಅಲ್ಲೂ ಗುತ್ತಿಗೆ ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಹೇಳಲಾಗದು ಎಂಬುದನ್ನೂ ಮುಚ್ಚಿಡಲಿಲ್ಲ. ನಾನು ಹೋದೆ. ಈಗಲೂ ಅಲ್ಲೇ ಇದ್ದೇನೆ. ತಟ್ಟೆಯೊಳಗಿನ ಕೋಶಗಳು ಸತ್ತರೆ ಬರೆದುಕೊಳ್ಳುತ್ತೇನೆ, ಬಿಸಾಡುತ್ತೇನೆ. ಅವು ನನ್ನ ಕಡೆ ನೋಡುವುದಿಲ್ಲ.

ಕಳೆದ ಸಲ ಊರಿಗೆ ಹೋದಾಗ ನಾಯಿ ಬಾಗಿಲಲ್ಲೇ ಮಲಗಿತ್ತು. ಕಣ್ಣು ಮಂಜಾಗಿತ್ತು. ನನ್ನ ಕೈ ಮೂಸಿ ಬಾಲ ಅಲ್ಲಾಡಿಸಿತು. ಅಷ್ಟರಲ್ಲಿ ಒಳಗೆ ಅಪ್ಪ ಟಾರ್ಚು, ರುಮಾಲು ತೆಗೆದುಕೊಂಡ ಸದ್ದಾಯಿತು. ಅದು ನನ್ನನ್ನು ಬಿಟ್ಟು ಎದ್ದು, ಅವನ ಜೊತೆ ಕಾಲುವೆಯ ಗೇಟಿನ ಕಡೆ ಹೊರಟುಹೋಯಿತು. ಅವ್ವ ಚಹಾ ತಂದು ಪಕ್ಕದಲ್ಲಿ ಕೂತಳು.