ಎದೆಗಾಗಿ ತಿಣುಕಿದೆ, ಬಸ್ಸು ನಿಂತಿತು

ಹೊಳಲ್ಕೆರೆ ಬಸ್ಸು ತಾಳ್ಯ ದಾಟುತ್ತಿದ್ದಂತೆ ನನ್ನ ಎದೆ ತಮಟೆಯಂತೆ ಬಡಿಯತೊಡಗಿತು. ಇಪ್ಪತ್ತೆರಡನೇ ವಯಸ್ಸಿಗೇ ಅಂಟಿಕೊಂಡ, ಹೃದಯಬಡಿತ ಏಕಾಏಕಿ ಏರುವ ಕಾಯಿಲೆ. ಹೀಗಾದಾಗ ಉಸಿರು ಬಿಗಿಹಿಡಿದು, ಕಕ್ಕಸಿನಲ್ಲಿ ಕೂತವರಂತೆ ತಿಣುಕಿದರೆ ಬಡಿತ ಇಳಿಯುತ್ತದೆಂದು ಡಾಕ್ಟರು ಹೇಳಿಕೊಟ್ಟಿದ್ದರು. ಕಣ್ಣು ಮುಚ್ಚಿ, ಮುಖ ಕೆಂಪಾಗುವಷ್ಟು ತಿಣುಕಿದೆ.

ಪಕ್ಕದಲ್ಲಿದ್ದ ಅಜ್ಜಿ ಎದ್ದು ಕೂಗಿದರು: “ಕಂಡಕ್ಟ್ರೇ, ಬಸ್ ನಿಲ್ಸ್ರಿ. ಈ ಹುಡುಗಂಗೆ ಭಾಳ ಅರ್ಜೆಂಟ್ ಐತೆ.”

“ಅದಲ್ಲ ಅಜ್ಜಿ, ಹಾರ್ಟು” ಎಂದೆ.

“ನಾಚ್ಕೆ ಯಾಕಪ್ಪ, ಎಲ್ರಿಗೂ ಬರ್ತೈತೆ” ಎಂದು ನೀರಿನ ಬಾಟಲಿ ಕೈಗಿಟ್ಟರು.

ಇಡೀ ಬಸ್ಸು ನೋಡುತ್ತಿರಲು ಜಾಲಿ ಗಿಡದ ಮರೆಗೆ ಹೋಗಿ ಇನ್ನೊಮ್ಮೆ ತಿಣುಕಿದೆ. ಬಡಿತ ಹದಕ್ಕೆ ಬಂತು. ವಾಪಸು ಬಂದಾಗ ಅಜ್ಜಿ, “ಈಗ ಹಗುರಾತಾ?” ಎಂದರು. ಹಗುರಾಗಿದ್ದಂತೂ ನಿಜವೇ.

ಈಗ ಎದೆಗೆ ಮಾತ್ರೆ ನುಂಗುತ್ತಿದ್ದೇನೆ. ಆ ಕಂಡಕ್ಟರು ಮಾತ್ರ ನನ್ನನ್ನು ಕಂಡೊಡನೆ ಬಾಗಿಲ ಪಕ್ಕದ ಸೀಟು ಖಾಲಿ ಮಾಡಿಸುತ್ತಾರೆ.