ಅಮ್ಮನೇ ಬಿಡಿಸಿಕೊಟ್ಟ ಆಣೆ

ಹೋದ ಯುಗಾದಿ ಮುಗಿದ ವಾರದಲ್ಲೇ ನನ್ನ ಒಬ್ಬನೇ ಮಗ ಮಂಜುನಾಥ ಹಳೇಬೀಡಿನ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಆಗ ಸೊಸೆ ಸೌಮ್ಯಳಿಗೆ ಎರಡು ತಿಂಗಳು. ಮಗನ ಕುರುಹಾಗಿ ಅದೊಂದು ಜೀವ ಉಳಿದಿದೆ ಎಂದು ನಾನೂ ಉಸಿರು ಹಿಡಿದುಕೊಂಡಿದ್ದೆ.

ಆಷಾಢದಲ್ಲಿ ತಪಾಸಣೆಗೆಂದು ಮಾದಿಹಳ್ಳಿಯಿಂದ ಬಸ್ಸು ಹತ್ತಿ ಬೇಲೂರಿನ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಬಿ.ಪಿ. ನೋಡಿದರು, ಮಗುವಿನ ಎದೆಬಡಿತ ಕೇಳಿದರು. ಊಟ, ನಿದ್ದೆ ವಿಚಾರಿಸಿದ ಹಾಗೆಯೇ, "ಹೊಗೆಸೊಪ್ಪು, ಕುಡಿತ ಏನಾದ್ರೂ ಇದ್ಯಾ? ಬರೋರನ್ನೆಲ್ಲಾ ಕೇಳ್ತೀವಿ, ಬೇಜಾರು ಮಾಡ್ಕೋಬೇಡಿ" ಎಂದರು.

ನಾನು ನಕ್ಕು, "ನಮ್ಮನೇಲಿ ಅಂಥದ್ದೆಲ್ಲಾ ಇಲ್ಲ ಕಣ್ರೀ" ಎಂದೆ.

ಸೌಮ್ಯ ತಲೆ ಎತ್ತಲಿಲ್ಲ. "ಕುಡೀತೀನಿ ಮೇಡಂ. ದಿನಾಲೂ."

ಒಂದೇ ಸೂರಿನಡಿ ಇದ್ದೂ ನನಗೆ ತಿಳಿದಿರಲಿಲ್ಲ. ಮಂಜು ಹೋದ ಮೇಲೆ ನಿದ್ದೆ ಬಾರದೆ, ಅವನು ಇಟ್ಟಿದ್ದ ಬಾಟಲಿಯಿಂದ ಶುರುವಾಗಿತ್ತಂತೆ. ಈಗ ಕುಡಿಯದಿದ್ದರೆ ಕೈ ನಡುಗುತ್ತದಂತೆ. ಡಾಕ್ಟರಮ್ಮ ಬೈಯಲಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಬಟ್ಟೆ ತಗೊಂಡು ನಾಳೆನೇ ಬಂದು ಸೇರ್ಕೊಳ್ಳಿ. ಮಗೂನೂ ನೋಡ್ಕೊಂಡು ಇದನ್ನೂ ಬಿಡಿಸೋಣ. ಮನೇಲಿ ನೀವಾಗೇ ಒಂದೇ ಸಲ ನಿಲ್ಲಿಸ್ಬೇಡಿ, ಅಪಾಯ" ಎಂದರು.

ವಿಷಯ ಕೇಳಿ ಹಾರನಹಳ್ಳಿಯಿಂದ ಬೀಗಿತ್ತಿ ಜಯಮ್ಮ ಓಡಿಬಂದಳು.

"ಆಸ್ಪತ್ರೆಗೆ ಸೇರ್ಸಿ ಊರಿಗೆಲ್ಲಾ ಡಂಗುರ ಹೊಡಿಸ್ತೀಯೇನಕ್ಕಾ? ಗಂಡನ್ನ ಕಳ್ಕೊಂಡಿದ್ದು ಸಾಲ್ದು ಅಂತ ನನ್ ಮಗ್ಳು ಕುಡುಕಿ ಅಂತ್ಲೂ ಅನ್ನಿಸ್ಕೋಬೇಕಾ?"

"ಒಂದೇ ಸಲ ಬಿಡಿಸ್ಬಾರ್ದು ಅಂದವ್ರೆ ಕಣೇ ಜಯಾ."

"ಅಮ್ಮನ ಮುಂದೆ ಆಣೆ ಮಾಡಿ ಎಂಥೆಂಥಾ ಕುಡುಕ್ರೇ ಬಿಟ್ಟವ್ರೆ. ನಿಮ್ ಡಾಕ್ಟ್ರು ಯಾವ ಲೆಕ್ಕ!"

ನಾನು ಬೇಡವೆಂದರೂ ಮಗಳನ್ನು ನಮ್ಮೂರ ಅಮ್ಮನ ಗುಡಿಗೆ ಎಳೆದುಕೊಂಡು ಹೋದಳು. ಸೌಮ್ಯ ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಆರಿಸಿ, "ಮತ್ತು ಬರೋದು ಯಾವುದನ್ನೂ ಬಾಯಿಗಿಡಲ್ಲ. ಇಟ್ರೆ ಈ ಮಗು ನಂಗೆ ದಕ್ಕದೇ ಹೋಗ್ಲಿ" ಎಂದಳು. ಆಣೆಯಾಯಿತಲ್ಲ, ಇನ್ನೇಕೆ ಆಸ್ಪತ್ರೆ ಎಂದು ಜಯಮ್ಮ ಕಳಿಸಲೇ ಇಲ್ಲ.

ಮಾರನೆಯ ಸಂಜೆಯ ಹೊತ್ತಿಗೆ ಸೌಮ್ಯ ಬೆವರಿನಲ್ಲಿ ತೊಯ್ದುಹೋಗಿದ್ದಳು. ನೀರಿನ ಲೋಟ ಹಿಡಿಯಲಾಗಲಿಲ್ಲ. ಖಾಲಿ ಬಾಗಿಲ ಕಡೆ ನೋಡುತ್ತಾ, "ಮಂಜು ಬಂದವ್ರೆ, ಊಟಕ್ಕಿಡಿ ಅತ್ತೆ" ಎಂದಳು.

ಆಂಬುಲೆನ್ಸಿನಲ್ಲಿ ಆಸ್ಪತ್ರೆಗೆ ಒಯ್ದೆವು. ನರ್ಸು ಮಾತ್ರೆ ಕೊಟ್ಟರೆ ಹಲ್ಲು ಕಚ್ಚಿದಳು, ಸೂಜಿ ಚುಚ್ಚಲು ಬಂದರೆ ಕೈ ಕಿತ್ತುಕೊಂಡಳು. "ಇದ್ರಲ್ಲೂ ಮತ್ತು ಐತೆ. ತಗೊಂಡ್ರೆ ನನ್ ಮಗು ಹೋಗ್ತದೆ!"

"ತಗೊಳ್ಳದಿದ್ರೆ ಫಿಟ್ಸ್ ಬರಬಹುದು. ಇಬ್ಬರ ಜೀವಕ್ಕೂ ಕಷ್ಟ" ಎಂದರು ಡಾಕ್ಟರಮ್ಮ. ಜಯಮ್ಮ ನೆಲದಲ್ಲಿ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದಳು.

ನಾನು ಆಟೋ ಹಿಡಿದು ಊರಿಗೆ ಬಂದು ಪೂಜಾರಪ್ಪನಿಂದ ಗುಡಿ ತೆಗೆಸಿದೆ. ಅಮ್ಮನ ಮೈಮೇಲಿನ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ ಎಂಬುದು ನಮ್ಮ ನಂಬಿಕೆ. ಆಣೆ ಬಿಡಿಸು ತಾಯಿ ಎಂದು ಬೇಡಿದೆ. ಹೂ ಅಲುಗಲಿಲ್ಲ. ಎಷ್ಟೋ ಹೊತ್ತು ನಿಂತೆ. ಕೊನೆಗೆ, "ಮಗನ್ನ ಕರ್ಕೊಂಡೆ, ಯಾಕೆ ಅಂತ ಕೇಳ್ಲಿಲ್ಲ. ಅವಳ ಆಣೆ ನನ್ ತಲೆ ಮೇಲಿಡು, ಅವಳನ್ನ ಬಿಡು" ಎಂದು ನೆಲಕ್ಕೆ ಬಿದ್ದುಬಿಟ್ಟೆ.

"ಏಳವ್ವಾ, ನೋಡಿಲ್ಲಿ!" ಎಂದು ಪೂಜಾರಪ್ಪ ಕೂಗಿದರು. ಬಲಗಡೆಯ ಹೂ ಪಾದದ ಬಳಿ ಬಿದ್ದಿತ್ತು.

ಅವರೇ ಸೌಮ್ಯಳಿಗೆ ಫೋನು ಮಾಡಿದರು. "ಅಮ್ಮ ಬಲಕ್ಕೆ ಕೊಟ್ಟವ್ಳೆ ಕಣವ್ವ. ಆಣೆ ಬಿಟ್ಟೋಯ್ತು. ಡಾಕ್ಟ್ರು ಹೇಳ್ದಂಗೆ ಕೇಳು." ಆ ಕಡೆಯಿಂದ ಅಳು ಕೇಳಿಸಿತು. ಆಮೇಲೆ ನರ್ಸಿನ ದನಿ: "ನುಂಗಿದ್ರು ಅಮ್ಮಾ, ನುಂಗಿದ್ರು."

ನಡುಕ ಇಳಿಯುವವರೆಗೆ ಅಲ್ಲೇ ಇಟ್ಟುಕೊಂಡರು. ಆಮೇಲೆ ಪ್ರತಿ ಸಲವೂ ಹೊಟ್ಟೆ ಪರೀಕ್ಷೆಯಾದ ಮೇಲೆ ಪಕ್ಕದ ಕೋಣೆಯಲ್ಲಿ ಆಪ್ತಸಲಹೆಗಾರ್ತಿಯೊಬ್ಬರು ಅವಳ ದುಃಖ ಕೇಳುತ್ತಿದ್ದರು. ಕುಡುಕಿ ಎಂದು ಅಲ್ಲಿ ಯಾರೂ ಅನ್ನಲಿಲ್ಲ. ಸಾಲಿನಲ್ಲಿ ಜೊತೆಗೆ ಕೂರುತ್ತಿದ್ದವಳು ಜಯಮ್ಮನೇ.

ದೀಪಾವಳಿಯ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ತೂಕ ಕಡಿಮೆ, ಬೆಳವಣಿಗೆಯನ್ನು ಆಗಾಗ ತೋರಿಸುತ್ತಿರಬೇಕು ಎಂದಿದ್ದಾರೆ. ಆದರೆ ಹಾಲಿಗೆ ಅತ್ತರೆ ಬೀದಿಗೆಲ್ಲಾ ಕೇಳಿಸುತ್ತದೆ. ಮಗ ಬರುವುದಿಲ್ಲ, ಆ ಸಂಕಟ ಹಾಗೆಯೇ ಇದೆ. ಅದರ ಜೊತೆಗೇ ಅಮ್ಮನಿಗೆ ದಿನವೂ ಕೈ ಮುಗಿಯುತ್ತೇನೆ.

ನಿಮ್ಮ ಮನೆಯಲ್ಲೂ ಇಂಥ ಬಸುರಿ ಇದ್ದರೆ ಮುಚ್ಚಿಡಬೇಡಿ, ಆಣೆ ಹಾಕಿಸಬೇಡಿ. ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆಮೇಲೆ ಗುಡಿಗೆ ಬನ್ನಿ. ಅಲ್ಲಿಯವರೆಗೆ ಅಮ್ಮ ಕಾಯುತ್ತಾಳೆ.